ತಾತನ ನೋಟ್‌ಬುಕ್ಕಿನಲ್ಲಿ ‘ಕರಿ 2’: ನಾಟಕಕ್ಕೆ ಹಾಡು ಬರೆಯುವವರು ಬದುಕಿದ್ದು ಹೇಗೆ?

ಪ್ರಶ್ನೆ: ಸರ್, ನಾನು ಸಿಂಧನೂರು ಕಡೆಯವನು. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ತಾತ ಊರ ನಾಟಕಗಳಿಗೆ ಹಾಡು ಬರೆದುಕೊಡುತ್ತಿದ್ದರು, 1994ರಲ್ಲಿ ತೀರಿಕೊಂಡರು. ಅವರ ಎರಡು ನೋಟ್‌ಬುಕ್ ನನ್ನ ಹತ್ತಿರ ಇವೆ. ಪ್ರತಿ ಹಾಡಿನ ಮೇಲೂ ಬೇರೆ ಯಾವುದೋ ಹಾಡಿನ ಮೊದಲ ಸಾಲು ಇದೆ, ಪಕ್ಕದಲ್ಲಿ ‘ಕರಿ 2’, ‘ಬಿಳಿ 4’ ಅಂತ ಬರೆದಿದ್ದಾರೆ. ಇವು ಕದ್ದ ಹಾಡುಗಳಾ? ನನಗೂ ಬರೆಯುವ ಹುಚ್ಚಿದೆ. ಹೋದ ವರ್ಷ ಒಂದು ತಂಡದವರು ನನ್ನ ಹಾಡು ಹಾಡಿದರು, ಹೆಸರು ಮಾತ್ರ ಎಲ್ಲೂ ಹೇಳಲಿಲ್ಲ. ಇದನ್ನೇ ನಂಬಿ ಬದುಕೋಕೆ ಆಗುತ್ತಾ? ಹಿಂದಿನವರು ಹೇಗೆ ಬದುಕಿದರು?

ಉತ್ತರ: ಕದ್ದದ್ದಲ್ಲ ಬಿಡಿ. ಮೊದಲು ಈ ಅನುಮಾನ ತೆಗೆದುಹಾಕೋಣ. ಇದನ್ನು ಮನಸ್ಸಲ್ಲಿಟ್ಟುಕೊಂಡು ಓದಿದರೆ ತಾತನ ಒಂದು ಹಾಡೂ ನಿಮಗೆ ರುಚಿಸಲ್ಲ.

ಹಾಡಿನ ತಲೆ ಮೇಲಿರುವ ಸಾಲು ಧಾಟಿ. ಕೆಲವರು ಮಟ್ಟು ಅಂತಾರೆ. ಈ ಪದವನ್ನು ಆ ಹಾಡಿನ ಹಾಗೆ ಹಾಡಬೇಕು ಅಂತ ಪೇಟಿ (ಹಾರ್ಮೋನಿಯಂ) ಮಾಸ್ತರಿಗೂ ಪಾತ್ರಧಾರಿಗೂ ಕೊಟ್ಟ ಗುರುತು ಅದು. ಸ್ವರ ಹಾಕಿ ಬರೆದರೆ ಊರಲ್ಲಿ ಓದೋರು ಯಾರು? ಎಲ್ಲರ ಬಾಯಲ್ಲಿರೋ ಹಾಡಿನ ಮೊದಲ ಸಾಲು ಬರೆದುಬಿಟ್ಟರೆ ಮುಗೀತು. ದಾಸರ ಪದ, ಬಯಲಾಟದ ಪದ, ಮರಾಠಿ ನಾಟಕದ ಪದ, ಆಮೇಲೆ ಹಿಂದಿ ಸಿನಿಮಾ ಹಾಡು, ಏನು ಬೇಕಾದರೂ ಧಾಟಿ ಆಗುತ್ತಿತ್ತು. ಈ ಕೊಡು-ತಗೋ ಬಹಳ ಹಳೇದು. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರು ತಮ್ಮ ನಾಟಕದ ಪದಗಳಿಗೆ ಕನ್ನಡದ ಧಾಟಿಗಳನ್ನು ಬಳಸಿಕೊಂಡರು. ಆಮೇಲೆ ನಮ್ಮ ನಾಟಕ ಕಂಪನಿಯವರು ಮರಾಠಿ ಪದಗಳ ಧಾಟಿ ತಂದು ಕನ್ನಡದಲ್ಲಿ ಹಾಡಿದರು. ಯಾರ ಮನೆಯ ಹಿಟ್ಟೋ, ಯಾರ ಮನೆಯ ರೊಟ್ಟಿಯೋ!

‘ಕರಿ 2’ ಅಂದರೆ ಪೇಟಿಯ ಎರಡನೇ ಕರಿ ಕೀ. ಅದು ಹಾಡುವವರ ಶ್ರುತಿ. ‘ಬಿಳಿ 4’ ಇನ್ನೂ ಎತ್ತರ, ಹೆಚ್ಚಾಗಿ ಹೆಣ್ಣು ಪಾತ್ರಕ್ಕೆ ಹೊಂದೋದು. ಅಂದರೆ ನಿಮ್ಮ ತಾತ ಹಾಡು ಬರೆಯುವಾಗಲೇ ಇದನ್ನು ಯಾರು ಹಾಡುತ್ತಾರೆ, ಅವರ ಗಂಟಲು ಎಲ್ಲಿವರೆಗೆ ಹೋಗುತ್ತೆ ಅಂತ ನೋಡಿಕೊಂಡಿದ್ದರು. ಇದು ಸಣ್ಣ ಮಾತಲ್ಲ. ಕವಿತೆ ಬರೆಯುವವರಿಗೂ ನಾಟಕದ ಹಾಡು ಬರೆಯುವವರಿಗೂ ಇರುವ ವ್ಯತ್ಯಾಸವೇ ಇದು. ಕವಿತೆಯನ್ನು ಕಾಗದಕ್ಕೆ ಬರೆಯಬಹುದು, ನಾಟಕದ ಹಾಡನ್ನು ಒಬ್ಬರ ಗಂಟಲಿಗೇ ಬರೆಯಬೇಕು.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ಬೈಸಿಕೊಂಡು ಕಲಿತದ್ದು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಕಾಲ. ಕಂಪ್ಲಿ ಹತ್ತಿರದ ಒಂದು ಊರಿನವರು ಸಾಮಾಜಿಕ ನಾಟಕಕ್ಕೆ ನಾಲ್ಕು ಹಾಡು ಬರೆಸಿಕೊಂಡರು. ಊರು ಬಿಟ್ಟು ಹೋದ ಮಗನನ್ನು ನೆನೆದು ತಾಯಿ ಹಾಡುವ ಪದ ಒಂದು. ನಾನು ಮೇಷ್ಟ್ರು ನೋಡಿ, ‘ಪುತ್ರನ ವಿಯೋಗದಿ ಹೃದಯವು ಛಿದ್ರವಾಯ್ತು’ ಅಂತ ಶುರು ಮಾಡಿದ್ದೆ. ಮಾತ್ರೆ ಸರಿ, ಪ್ರಾಸ ಸರಿ, ನನಗೆ ಭಾರಿ ಖುಷಿ. ತಾಯಿ ಪಾತ್ರಕ್ಕೆ ಮರಿಯಮ್ಮನಹಳ್ಳಿಯಿಂದ ಒಬ್ಬ ಕಲಾವಿದೆ ಬಂದಿದ್ದರು (ಆ ಊರು ಈ ಭಾಗದ ಊರ ನಾಟಕಗಳಿಗೆ ಹೆಣ್ಣು ಪಾತ್ರ ಕಳಿಸುವ ತವರುಮನೆ, ನಿಮಗೂ ಗೊತ್ತಿರುತ್ತೆ). ನಾಟಕದ ದಿನ ಸಂಜೆ ಬಂದರು. ಚಹಾ ಕುಡಿಯುತ್ತಾ ಹಾಡು ನೋಡಿದರು, ಪೇಟಿ ಮಾಸ್ತರ್ ಜೊತೆ ಒಂದು ಸಲ ಅಂದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಮಾಸ್ತರ್ರೇ, ಈ ಛಿದ್ರದಾಗ ನಾನು ಎಲ್ಲಿ ನಿಂದ್ರಲಿ?” ಅಂದರು.

ಎಲ್ಲಿ ನಿಲ್ಲೋದು ಅಂದರೆ ದನಿ ಎಲ್ಲಿ ಎಳೆಯೋದು. ‘ಛಿದ್ರ’ದ ಇಕಾರ ಬಾಯಿ ಮುಚ್ಚಿಸುತ್ತೆ, ಅದರ ಬೆನ್ನಿಗೇ ಒತ್ತಕ್ಷರ ಬಂದು ದನಿಯನ್ನು ಕತ್ತರಿಸುತ್ತೆ. ಆಲಾಪ ಮಾಡೋಕೆ ಜಾಗವೇ ಇಲ್ಲ. ದನಿ ಎಳೆಯೋಕೆ ಆ ಬೇಕು, ಓ ಬೇಕು, ಏ ಆದರೂ ನಡೆಯುತ್ತೆ. ಜೊತೆಗೆ ಅವರು ಇನ್ನೊಂದು ಮಾತು ಹೇಳಿದರು: “ಹಳ್ಳಿ ತಾಯಿ ವಿಯೋಗದಿ ಅಂತಾಳೇನು?” ಅಲ್ಲೇ ಗ್ರೀನ್ ರೂಮಿನಲ್ಲಿ, ಬಣ್ಣದ ಪೆಟ್ಟಿಗೆ ಮೇಲೆ ಕಾಗದ ಇಟ್ಟುಕೊಂಡು ಬದಲಾಯಿಸಿದೆ:

ದೀಪ ಹಚ್ಚಿಟ್ಟೀನಿ ಬಾರೋ ಮಗನೇ
ಬಾಗಿಲು ತೆರೆದೈತಿ ಬಾರೋ

ಎರಡೂ ಸಾಲಿನಲ್ಲಿ ‘ಬಾರೋ’ ಇದೆ. ಮೊದಲ ಆಕಾರದಲ್ಲಿ ದನಿ ಮೇಲೆ ಏರಬಹುದು, ಓಕಾರದಲ್ಲಿ ಇಳಿದು ಬಂದು ನಿಲ್ಲಬಹುದು. ಅರ್ಥ ನೋಡಿದರೆ ಇದರಲ್ಲಿ ಏನಿದೆ? ಏನೂ ಇಲ್ಲ. ಆದರೆ ರಾತ್ರಿ ಒಂದೂವರೆ ಹೊತ್ತಿಗೆ ಆಯಮ್ಮ ಆ ಎರಡನೇ ‘ಬಾರೋ’ವನ್ನು ಎಳೆದು ಎಳೆದು, ದನಿ ಸಣ್ಣಗೆ ಮಾಡಿ, ಕಂದೀಲು ಎತ್ತಿ ಹಿಡಿದು ಕತ್ತಲ ಕಡೆ ನೋಡುತ್ತಾ ನಿಂತಾಗ, ಟ್ರ್ಯಾಕ್ಟರ್ ಟ್ರೈಲಿ ಮೇಲೆ ಕೂತು ಸಿಳ್ಳೆ ಹಾಕುತ್ತಿದ್ದ ಹುಡುಗರೂ ಸುಮ್ಮನಾದರು. ಒನ್ಸ್ ಮೋರ್ ಬಂತು. ಮೈಕಿನಲ್ಲಿ ಹೆಸರು ಕೂಗಿಸಿ ನೂರಾಒಂದು, ಐವತ್ತೊಂದು ಕೊಟ್ಟವರ ಸಾಲು ಮುಗಿಯೋಕೆ ಕಾಲು ಗಂಟೆ ಹಿಡಿಯಿತು. ಎಲ್ಲಾ ಅವರಿಗೇ. ನನಗೆ ಮರುದಿನ ಬೆಳಿಗ್ಗೆ ಒಂದು ಟವೆಲ್, ತೆಂಗಿನಕಾಯಿ, ಐವತ್ತು ರೂಪಾಯಿ. ಆ ಹಾಡು ಆಮೇಲೆ ಸುತ್ತಲಿನ ಹಳ್ಳಿಗಳಲ್ಲಿ ಆಯಮ್ಮನ ಹಾಡು ಅಂತಲೇ ಓಡಾಡಿತು. ನನಗೆ ಬೇಜಾರಾಯಿತಾ? ಆಯಿತು. ಈಗ ಯೋಚಿಸಿದರೆ ಅರ್ಧ ಹಾಡು ಅವರದೇ ಅಲ್ವಾ ಅನಿಸುತ್ತೆ.

ಇನ್ನು ಹಿಂದಿನವರು ಹೇಗೆ ಬದುಕಿದರು ಅಂತ ಕೇಳಿದ್ದೀರಿ. ನಮ್ಮ ಬಳ್ಳಾರಿಯಿಂದಲೇ ಶುರು ಮಾಡ್ತೀನಿ, ಇಲ್ಲಿನ ಕಥೆ ಬಹಳ ಚೆನ್ನಾಗಿದೆ.

ಧರ್ಮವರಂ ರಾಮಕೃಷ್ಣಮಾಚಾರ್ಯರು ಅಂತ ಇದ್ದರು. 1853ರಲ್ಲಿ ಹುಟ್ಟಿ 1912ರಲ್ಲಿ ಹೋದವರು. ತೆಲುಗಿನವರು ಅವರನ್ನು ಆಂಧ್ರ ನಾಟಕ ಪಿತಾಮಹ ಅಂತ ಕರೆಯುತ್ತಾರೆ. ಆದರೆ ಅವರು ಬದುಕು ಕಟ್ಟಿಕೊಂಡದ್ದು ಬಳ್ಳಾರಿಯಲ್ಲಿ, ವಕೀಲಿಕೆ ಮಾಡಿಕೊಂಡು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ರಂದು. ಪೇಟೆಯಲ್ಲಿ ಕನ್ನಡವೂ ತೆಲುಗೂ ಒಂದೇ ಬಾಯಲ್ಲಿ ಬರುತ್ತಿದ್ದ ಊರು, ಈಗಲೂ ಹಾಗೇ. ಸರಸವಿನೋದಿನಿ ಸಭಾ ಅಂತ ತಂಡ ಕಟ್ಟಿ, 1887ರಲ್ಲಿ ‘ಚಿತ್ರನಳೀಯಂ’ ಆಡಿಸಿದರು. ತೆಲುಗು ನಾಟಕದೊಳಗೆ ಹಾಡನ್ನು ತಂದು ಕೂರಿಸಿದವರು ಅಂತಲೇ ಅವರಿಗೆ ಹೆಸರು. ಸುಮಾರು 30 ನಾಟಕ ಬರೆದರು. ‘ವಿಷಾದ ಸಾರಂಗಧರ’ದಲ್ಲಿ ಕೊನೆಗೆ ಎಲ್ಲಾ ಸುಖವಾಗಬೇಕು ಅನ್ನುವ ಹಳೇ ಕಟ್ಟಳೆ ಮುರಿದು ದುಃಖದಲ್ಲೇ ನಾಟಕ ಮುಗಿಸಿದರು.

ಅದೇ ಊರು, ಅದೇ ಕಾಲ, ಇನ್ನೊಬ್ಬ ವಕೀಲರು ಕೋಲಾಚಲಂ ಶ್ರೀನಿವಾಸರಾಯರು. ಇವರದು ಸುಮನೋರಮ ಸಭಾ. ಇವರು ಚರಿತ್ರೆ ಕಡೆ ಹೋದವರು, ವಿಜಯನಗರ ಬಿದ್ದ ಕಥೆಯನ್ನು ನಾಟಕ ಮಾಡಿದವರು. ಒಂದೇ ಊರಿನಲ್ಲಿ ಇಬ್ಬರು ವಕೀಲರು, ಎರಡು ಸಭಾ. ಪೈಪೋಟಿ ಹೇಗಿದ್ದಿರಬೇಕು ನೀವೇ ಊಹಿಸಿ.

ಇಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಇದೆ ನೋಡಿ. ಇಬ್ಬರೂ ನಾಟಕದಿಂದ ಊಟ ಮಾಡಲಿಲ್ಲ. ಹಗಲು ಕೋರ್ಟು, ರಾತ್ರಿ ನಾಟಕ. ನೀವು ಗಿರಣಿ ಲೆಕ್ಕ ಬಿಟ್ಟುಬಿಡಲಾ ಅಂತ ಬಾಯಿಬಿಟ್ಟು ಕೇಳಿಲ್ಲ, ಆದರೆ ಕಾಗದದಲ್ಲಿ ಆ ವಾಸನೆ ಬರ್ತಿದೆ. ಬಿಡಬೇಡಿ.

ಇನ್ನೊಂದು ತಮಾಷೆ. ಧರ್ಮವರಂ ಅವರ ಸೋದರಳಿಯನೇ ನಟ ಬಳ್ಳಾರಿ ರಾಘವ (1880–1946). ಅವರೂ ವಕೀಲರೇ! ಸೋದರಮಾವ ನಾಟಕದೊಳಗೆ ಹಾಡು ತಂದರೆ, ಅಳಿಯ ಬಂದು ಈ ರಾಗಾಲಾಪನೆ ಜಾಸ್ತಿಯಾಯಿತು, ಸಾಯೋ ಮನುಷ್ಯ ಎದ್ದು ಕೂತು ಪದ್ಯ ಹಾಡೋದೇನು, ಅಭಿನಯ ಮಾಡಿ ಅನ್ನುವ ದಾರಿ ಹಿಡಿದರು. ಬಳ್ಳಾರಿಯಲ್ಲಿ ರಾಘವ ಕಲಾಮಂದಿರಕ್ಕೆ ಬಂದಾಗೆಲ್ಲ ನನಗೆ ಈ ಮಾವ-ಅಳಿಯಂದಿರ ಜಗಳ ನೆನಪಾಗುತ್ತೆ. ನನ್ನ ಕೇಳಿದರೆ ಇಬ್ಬರೂ ಸರಿ. ಹಾಡು ಬರೆಯುವವರು ಪೆನ್ನು ಹಿಡಿಯುವ ಮುಂಚೆ ರಾಘವರ ಪ್ರಶ್ನೆ ಕೇಳಿಕೊಳ್ಳಬೇಕು: ಈ ಪಾತ್ರ ಈಗ ಮಾತಾಡಿದರೆ ಸಾಲದಾ, ಯಾಕೆ ಹಾಡಬೇಕು? ಮಾತಿಗೆ ಎಟುಕದ್ದು ಏನೋ ಇದ್ದರೆ ಹಾಡು. ಇಲ್ಲದಿದ್ದರೆ ಆ ಹಾಡು ಸೀನರಿ ಬದಲಾಯಿಸೋಕೆ ಟೈಮ್ ಕೊಡುತ್ತೆ ಅಷ್ಟೇ. (ಅದೂ ಬೇಕು ಬಿಡಿ. ಪರದೆ ಹಿಂದೆ ಅರಮನೆ ಹೋಗಿ ಕಾಡು ಬರೋಕೆ ಮೂರು ನಿಮಿಷ ಬೇಕೇ ಬೇಕು. ಎಷ್ಟೋ ಹಾಸ್ಯದ ಹಾಡು ಹುಟ್ಟಿದ್ದೇ ಹೀಗೆ.)

ಮೈಸೂರಿನ ಕಡೆ ಕಥೆ ಬೇರೆ. ಅಲ್ಲಿ ಅರಮನೆ ಇತ್ತು. ಬಸಪ್ಪ ಶಾಸ್ತ್ರಿಗಳು ಅರಮನೆಯ ತಂಡಕ್ಕೆ ಶಾಕುಂತಲವನ್ನು ಕನ್ನಡ ಮಾಡಿಕೊಟ್ಟು ಅಭಿನವ ಕಾಳಿದಾಸ ಅನ್ನಿಸಿಕೊಂಡರು. ‘ಕಾಯೌ ಶ್ರೀಗೌರಿ’ ಅನ್ನುವ ಮೈಸೂರಿನ ನಾಡಗೀತೆ ಇದೆಯಲ್ಲ, ಅದನ್ನು ಬರೆದವರೂ ಅವರೇ. ರಾಯಚೂರು, ಕೊಪ್ಪಳ ನಿಜಾಮರ ಕೈಲಿತ್ತು. ಅಂಥ ಆಸರೆ ಕನ್ನಡ ನಾಟಕಕ್ಕೆ ಇಲ್ಲಿ ಸಿಗಲಿಲ್ಲ. ಇಲ್ಲಿ ನಾಟಕವನ್ನು ಸಾಕಿದ್ದು ಊರು. ಸುಗ್ಗಿ ಮುಗಿದು ಕೈಗೆ ನಾಲ್ಕು ಕಾಸು ಬಂದ ಮೇಲೆ, ಜಾತ್ರೆ ನೆಪದಲ್ಲಿ, ರೈತರೇ ಬಣ್ಣ ಹಚ್ಚಿಕೊಂಡು ಆಡಿದ್ದು. ನಿಮ್ಮ ತಾತನ ಯಜಮಾನರು ಅವರೇ.

ಕಂಪನಿಗಳ ಕಾಲದಲ್ಲಿ ಕವಿ ಕಂಪನಿ ಜೊತೆ ತಿರುಗಿದ್ದೂ ಉಂಟು. ನಾಟಕ, ಹಾಡು ಬರೆದುಕೊಟ್ಟರೆ ಸಾಮಾನ್ಯವಾಗಿ ಒಂದೇ ಸಲದ ದುಡ್ಡು. ಆಮೇಲೆ ನಾಟಕ ನೂರು ರಾತ್ರಿ ಓಡಿದರೂ ಗಲ್ಲಾ ಪೆಟ್ಟಿಗೆ ಮಾಲೀಕರದು. ಆದ್ದರಿಂದ ಸಿನಿಮಾ ಬಂದ ಕೂಡಲೇ ನಾಟಕದ ಕವಿಗಳು ಆ ಕಡೆ ನಡೆದರು. 1934ರಲ್ಲಿ ಬಂದ ಮೊದಲ ಕನ್ನಡ ಮಾತಿನ ಚಿತ್ರ ‘ಸತಿ ಸುಲೋಚನ’ಕ್ಕೆ ಮಾತು, ಹಾಡು ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ನಾಟಕಗಳನ್ನು ಬರೆದು ಕೈ ಪಳಗಿದವರು. ಹುಣಸೂರು ಕೃಷ್ಣಮೂರ್ತಿ ರಂಗದಿಂದಲೇ ಹೋದವರು. ಚಿ. ಸದಾಶಿವಯ್ಯನವರೂ ಅಷ್ಟೇ, ಅವರ ಮಗ ಚಿ. ಉದಯಶಂಕರ್ ಹೆಸರು ಕೇಳದ ಕನ್ನಡಿಗ ಇಲ್ಲ. ಹಳೇ ಸಿನಿಮಾ ಹಾಡುಗಳನ್ನು ಕೇಳಿದರೆ ರಂಗಗೀತೆಯ ನಡಿಗೆ ಥಟ್ಟನೆ ಗೊತ್ತಾಗೋದು ಇದಕ್ಕೇ. ನಮ್ಮ ಕಾಲಕ್ಕೆ ಬಂದರೆ ಗೋಪಾಲ ವಾಜಪೇಯಿ. ರಂಗಭೂಮಿಗೆ ಹಾಡು ಬರೆದು ಬರೆದು, 1997ರ ‘ನಾಗಮಂಡಲ’ ಸಿನಿಮಾದ ಹಾಡುಗಳಿಂದ ಮನೆಮನೆಗೂ ತಲುಪಿದರು. ಹಾಡು ಎಲ್ಲರಿಗೂ ಗೊತ್ತು, ಹಾಡಿದವರು ಗೊತ್ತು, ರಾಗ ಹಾಕಿದ ಅಶ್ವಥ್ ಗೊತ್ತು. ಬರೆದವರು ಯಾರು ಅಂತ ಹತ್ತು ಜನರನ್ನು ಕೇಳಿ ನೋಡಿ. ಅವರೂ ಅನ್ನಕ್ಕೆ ಪತ್ರಿಕೆ ಕೆಲಸ ಮಾಡಿದವರೇ.

ನಮ್ಮಲ್ಲಿ ರಂಗನಟಿ ಸುಭದ್ರಮ್ಮ ಮನ್ಸೂರು 2020ರಲ್ಲಿ ಹೋದರು. ‘ರಕ್ತರಾತ್ರಿ’ಯ ದ್ರೌಪದಿಯಾಗಿ ಅವರು ಹಾಡೋಕೆ ಶುರು ಮಾಡಿದರೆ ಜನ ಮೈಮರೆತು ಕೂರುತ್ತಿದ್ದರು. ಆ ನಾಟಕ ಬರೆದ ಕಂದಗಲ್ ಹನುಮಂತರಾಯರ ಹೆಸರು ಈ ಭಾಗದಲ್ಲಿ ಇನ್ನೂ ಉಳಿದಿದೆ, ಯಾಕಂದ್ರೆ ಬಳ್ಳಾರಿ-ರಾಯಚೂರು ಹಳ್ಳಿಗಳಲ್ಲಿ ‘ರಕ್ತರಾತ್ರಿ’ ಆಡದ ಊರು ಹುಡುಕಬೇಕು. ಹೆಸರು ಉಳಿದ ನಾಟಕಕವಿಗಳು ಹೀಗೆ ಬೆರಳೆಣಿಕೆ.

ನಿಮಗೆ ಪೌರಾಣಿಕ ಬರೆಯೋ ಆಸೆ ಇದ್ದರೆ ಕಂದಪದ್ಯ ಕಲಿಯಲೇಬೇಕು, ತಪ್ಪಿಸಿಕೊಳ್ಳೋ ಹಾಗಿಲ್ಲ. ನಾಲ್ಕು ಸಾಲು. ಒಂದು ಮತ್ತು ಮೂರನೇ ಸಾಲಿನಲ್ಲಿ 12 ಮಾತ್ರೆ, ಎರಡು ಮತ್ತು ನಾಲ್ಕರಲ್ಲಿ 20, ಒಟ್ಟು 64. ದುರ್ಯೋಧನನ ಪಾತ್ರಧಾರಿ ಈ 64 ಮಾತ್ರೆಯನ್ನು ಐದು ನಿಮಿಷ ಎಳೆಯುತ್ತಾನೆ, ಕೊನೇ ಅಕ್ಷರದ ಮೇಲೆ ತಾರಕಕ್ಕೆ ಹೋಗುತ್ತಾನೆ. ಹಾಗಾಗಿ ಕೊನೇ ಅಕ್ಷರ ಯಾವುದು ಅನ್ನೋದು ಮುಖ್ಯ. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಬೇಕಿತ್ತು, ಆ ಅಭ್ಯಾಸ ಪದ್ಯದ ಮೈಗೇ ಅಂಟಿಕೊಂಡಿದೆ. ಬಳ್ಳಾರಿ ಕಡೆ ತೆಲುಗಿನಿಂದ ಬಂದ ಸೀಸಪದ್ಯವೂ ನಡೆಯುತ್ತೆ. ಅದನ್ನು ಆಮೇಲೆ ಕಲಿಯಿರಿ.

ಈಗ ನಿಮ್ಮ ಹಾಡು, ನಿಮ್ಮ ಹೆಸರು. ಹಕ್ಕುಸ್ವಾಮ್ಯ ಕಾಯ್ದೆ 1957ರದು. ಅದರ ಪ್ರಕಾರ ಹಾಡಿನ ಸಾಹಿತ್ಯ ಬರೆದವರದು, ರಾಗ ಹಾಕಿದವರ ಹಕ್ಕು ಬೇರೆ. ಬರೆದವರು ಬದುಕಿರುವವರೆಗೂ, ಅವರು ಹೋದ ಮೇಲೆ 60 ವರ್ಷವೂ ಹಕ್ಕು ಇರುತ್ತೆ. ಅಂದರೆ ನಿಮ್ಮ ತಾತನ ಹಾಡುಗಳ ಹಕ್ಕು, ಅವರು ಯಾರಿಗೂ ಬರೆದುಕೊಡದೇ ಇದ್ದರೆ, 2054ರ ಕೊನೆಯವರೆಗೂ ನಿಮ್ಮ ಮನೆಯದು. ಇದನ್ನು ಬರೆದವರು ಇಂಥವರು ಅಂತ ಹೇಳಿಸಿಕೊಳ್ಳೋ ಹಕ್ಕಂತೂ ಇದ್ದೇ ಇದೆ. ಆದರೆ ಒಂದು ಮಾತು. ಹವ್ಯಾಸಿ ತಂಡದವರು ಟಿಕೆಟ್ ಇಲ್ಲದೆ ಆಡಿದರೆ, ಇಲ್ಲಾ ದೇವಸ್ಥಾನದಂಥ ಧಾರ್ಮಿಕ ಸಂಸ್ಥೆಯ ಸಹಾಯಕ್ಕಾಗಿ ಆಡಿದರೆ, ಕಾನೂನು ಅದನ್ನು ಉಲ್ಲಂಘನೆ ಅನ್ನಲ್ಲ. ಟಿಕೆಟ್ ಹಚ್ಚಿ ಕ್ಯಾಂಪ್ ಹಾಕಿದ ಕಂಪನಿಯಾದರೆ ನಿಮ್ಮ ಒಪ್ಪಿಗೆ ಬೇಕು. ಹೋದ ವರ್ಷ ನಿಮ್ಮ ಹಾಡು ಹಾಡಿದವರು ಯಾವ ಥರದವರು, ನೀವು ಬರೆದಿಲ್ಲ. ಊರ ಹುಡುಗರಾದರೆ ವಕೀಲರ ಹತ್ತಿರ ಹೋಗಬೇಡಿ, ಮನೆಗೆ ಹೋಗಿ ಕೂತು ಮಾತಾಡಿ. ಸಿನಿಮಾ ಧಾಟಿಗೆ ಬರೆದದ್ದನ್ನು ಮಾತ್ರ ಯೂಟ್ಯೂಬಿಗೆ ಹಾಕುವಾಗ ಹುಷಾರು. ಆ ರಾಗದ ಹಕ್ಕಿರುವ ಆಡಿಯೋ ಕಂಪನಿಯವರು ಕ್ಲೇಮ್ ಹಾಕಬಹುದು.

ಕಾನೂನಿಗಿಂತ ಹಳೇ ಉಪಾಯ ಎರಡಿವೆ. ಒಂದು, ಕರಪತ್ರ. ನಾಟಕದ ಕರಪತ್ರದಲ್ಲಿ ಪೇಟಿ ಯಾರು, ತಬಲಾ ಯಾರು, ಸೀನರಿ ಎಲ್ಲಿಂದ, ಊಟ ಯಾರ ಕಡೆಯಿಂದ ಅಂತ ಎಲ್ಲಾ ಇರುತ್ತೆ. ಪ್ರೆಸ್ಸಿಗೆ ಹೋಗುವ ಮುಂಚೆಯೇ ‘ಹಾಡುಗಳು’ ಅಂತ ಒಂದು ಸಾಲು ಹಾಕಿಸಿ. ಕೇಳೋಕೆ ಸಂಕೋಚ ಆಗುತ್ತೆ, ನನಗೂ ಆಗುತ್ತಿತ್ತು. ಒಮ್ಮೆ ಒಂದು ತಂಡ ನನ್ನ ಆರು ಹಾಡು ಬಳಸಿಕೊಂಡು, ಕರಪತ್ರದಲ್ಲಿ ಜನರೇಟರ್ ಕೊಟ್ಟವರ ಹೆಸರು ಹಾಕಿ ನನ್ನದು ಬಿಟ್ಟಿತ್ತು. ಆವತ್ತಿನಿಂದ ಸಂಕೋಚ ಬಿಟ್ಟೆ. ಎರಡನೇದು ಅಂಕಿತ. ಬಯಲಾಟದ ಕವಿಗಳು, ತತ್ವಪದಕಾರರು ಕೊನೇ ಚರಣದಲ್ಲಿ ತಮ್ಮ ಊರನ್ನೋ ಊರ ದೇವರನ್ನೋ ಸೇರಿಸಿಬಿಡುತ್ತಿದ್ದರು. ಅದನ್ನು ತೆಗೆದರೆ ಪ್ರಾಸ ಕೆಡುತ್ತೆ, ಹಾಗಾಗಿ ಯಾರೂ ತೆಗೆಯಲ್ಲ.

ದುಡ್ಡಿನ ವಿಷಯ ಬೇಗ ಮುಗಿಸ್ತೀನಿ, ಹೇಳೋಕೆ ಜಾಸ್ತಿ ಇಲ್ಲ. ಬನಶಂಕರಿ ಜಾತ್ರೆಯಂಥ ಕಡೆ ಕ್ಯಾಂಪ್ ಹಾಕುವ ಕಂಪನಿಗಳಲ್ಲಿ ಈಗ ಹಾಸ್ಯವೇ ಹೆಚ್ಚು, ಹಾಡಿಗೆ ರೆಡಿ ಟ್ರ್ಯಾಕ್ ಹಾಕಿ ಕುಣಿಯೋದು ಜಾಸ್ತಿ. ಹೊಸ ಹಾಡು ಬೇಕು ಅನ್ನುವವರು ಬೀದಿನಾಟಕದವರು, ಮಕ್ಕಳ ನಾಟಕ ಮಾಡಿಸುವವರು, ಶಾಲೆಗಳು. ಇಲಾಖೆಗಳ ಜಾಗೃತಿ ನಾಟಕ ಸಿಕ್ಕರೆ ತಂಡಕ್ಕೆ ಸಂಭಾವನೆ ಬರುತ್ತೆ, ಅದರಲ್ಲಿ ನಿಮಗಿಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ. ರಾಯಚೂರಿನಲ್ಲಿ ‘ಸಮುದಾಯ’ದಂಥ ರಂಗತಂಡಗಳಿವೆ, ಅವರ ತಾಲೀಮಿಗೆ ಹೋಗಿ ಸುಮ್ನೆ ಮೂಲೆಯಲ್ಲಿ ಕೂತು ನೋಡಿ. ಹಾಡು ತಾಲೀಮಿನಲ್ಲಿ ಮುರಿಯುತ್ತೆ, ಮುರಿದಾಗ ಅಲ್ಲೇ ಇದ್ದು ಜೋಡಿಸಿಕೊಡುವವನನ್ನು ಮುಂದಿನ ಸಲವೂ ಕರೆಯುತ್ತಾರೆ. ವಾಟ್ಸಾಪಿನಲ್ಲಿ ಕಳಿಸಿ ಕೈತೊಳೆದುಕೊಂಡವನನ್ನು ಕರೆಯಲ್ಲ.

ಈಗ ತಾತನ ನೋಟ್‌ಬುಕ್ ತೆಗೆಯಿರಿ. ಮೊದಲ ಸಾಲು ಬಿಟ್ಟು ಪ್ರತಿ ಹಾಡಿನ ಕೊನೇ ಸಾಲು ನೋಡಿ. ಸಿದ್ಧಪರ್ವತದ ಅಂಬಾದೇವಿಯೋ, ನಿಮ್ಮೂರ ಹನುಮಪ್ಪನೋ, ಒಂದೇ ಹೆಸರು ಮತ್ತೆ ಮತ್ತೆ ಬರ್ತಿದ್ದರೆ ಅದೇ ಅವರ ಸಹಿ. ಆಮೇಲೆ ನಿಮ್ಮ ಅಕ್ಕಪಕ್ಕದ ಊರಿನ ಹಳೇ ಪಾತ್ರಧಾರಿಗಳು, ‘ಕರಿ 2’ರಲ್ಲಿ ಹಾಡುತ್ತಿದ್ದವರು, ಇನ್ನೂ ಇದ್ದಾರಾ ವಿಚಾರಿಸಿ. ಇದ್ದರೆ ಮೊಬೈಲ್ ಆನ್ ಮಾಡಿಟ್ಟು, ಧಾಟಿಯ ಸಾಲು ಓದಿ ಹೇಳಿ. ಹಾಡು ಅವರ ಬಾಯಿಂದ ಬರುತ್ತೆ.